ಎಂಎಸ್ ಇರುವವರಿಗೆ ವಿಟಮಿನ್ ಡಿ: ಬಿಸಿಲೇ, ಆಹಾರವೇ, ಮಾತ್ರೆಯೇ, ಚುಚ್ಚುಮದ್ದೇ?

ಮೆದುಳು, ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ಅದು ಇದೆ ಎಂದು ಗೊತ್ತಾದ ಕೆಲವೇ ವಾರಗಳಲ್ಲಿ ಹಲವರ ಕೈಗೆ ಇನ್ನೊಂದು ವರದಿಯೂ ಬರುತ್ತದೆ: ರಕ್ತದಲ್ಲಿ ವಿಟಮಿನ್ ಡಿ ಕಡಿಮೆ. ಅಲ್ಲಿಂದ ಸಲಹೆಗಳ ಸುರಿಮಳೆ. ಬಿಸಿಲಿಗೆ ಕುಳಿತರೆ ಸಾಕು ಎನ್ನುವವರು ಒಬ್ಬರು, ವಾರಕ್ಕೊಂದು ಮಾತ್ರೆ ನುಂಗಿ ಎನ್ನುವವರು ಇನ್ನೊಬ್ಬರು, ದಿನಕ್ಕೆ ಹತ್ತಾರು ಸಾವಿರ ಯೂನಿಟ್ ತೆಗೆದುಕೊಂಡರೆ ಕಾಯಿಲೆಯೇ ಹಿಮ್ಮೆಟ್ಟುತ್ತದೆ ಎಂದು ವಿಡಿಯೊ ಕಳುಹಿಸುವವರು ಮತ್ತೊಬ್ಬರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಎಂಎಸ್ ಇರುವ ದೇಹಕ್ಕೆ ಈ ಆಯ್ಕೆಗಳ ಲೆಕ್ಕ ಬೇರೆ. ಶಾಖ ತಡೆಯದ ನರಗಳು, ಚರ್ಮದ ಮೇಲೆ ನಿಗಾ ಬೇಡುವ ಔಷಧಗಳು, ನಡೆಯುವಾಗ ಬೀಳುವ ಭಯ, ಆಗಾಗ ಬೇಕಾಗುವ ಸ್ಟಿರಾಯ್ಡ್, ಕೈಕೊಡುವ ನೆನಪು, ಇವೆಲ್ಲ ಸೇರಿ ಬೇರೆಯವರಿಗೆ ಹೊಂದುವ ದಾರಿ ಇವರಿಗೆ ಹೊಂದದೆ ಹೋಗಬಹುದು.

ನನ್ನ ಒಲವು ಎತ್ತ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಜನರಿಗೆ ದಿನಕ್ಕೊಂದು ಹದವಾದ ಪ್ರಮಾಣದ ಡಿ3 (ವಿಟಮಿನ್ ಡಿಯ ಒಂದು ಬಗೆ) ಮಾತ್ರೆ ಮತ್ತು ಮೂರು ತಿಂಗಳ ನಂತರ ಒಂದು ರಕ್ತಪರೀಕ್ಷೆ, ಇದೇ ಸುರಕ್ಷಿತವಾದ, ಪಾಲಿಸಲು ಸುಲಭವಾದ ದಾರಿ. ಉಳಿದವುಗಳಿಗೂ ಅವುಗಳದೇ ಸಂದರ್ಭಗಳಿವೆ.

ಕೊರತೆ ತುಂಬುವುದೋ, ಕಾಯಿಲೆಗೆ ಮದ್ದು ಮಾಡುವುದೋ?

ಆಯ್ಕೆಗೆ ಇಳಿಯುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ ಇದು. ವಿಟಮಿನ್ ಡಿ ಕೊರತೆಯನ್ನು ಸರಿಪಡಿಸುವುದು ಒಂದು ಕೆಲಸ. ವಿಟಮಿನ್ ಡಿಯನ್ನು ಎಂಎಸ್‌ನ ಔಷಧವಾಗಿ ಬಳಸುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ಮಾತ್ರೆಯಲ್ಲಿ ಹುಡುಕಲು ಹೊರಟಾಗಲೇ ಪ್ರಮಾಣ ಕೈಮೀರುತ್ತದೆ.

ಮೊದಲ ಕೆಲಸದ ಅಗತ್ಯದ ಬಗ್ಗೆ ಅನುಮಾನವೇ ಬೇಡ. ಎಂಎಸ್ ಇರುವವರಲ್ಲಿ ಮೂಳೆ ಸವಕಳಿ ಮತ್ತು ಮೂಳೆ ಮುರಿತದ ಸಂಭವ ಸಾಮಾನ್ಯರಿಗಿಂತ ಹೆಚ್ಚು. ಓಡಾಟ ಕಡಿಮೆಯಾದರೆ ಮೂಳೆಯ ಮೇಲಿನ ಭಾರ ಕಡಿಮೆಯಾಗುತ್ತದೆ, ಭಾರ ಹೊರದ ಮೂಳೆ ತೆಳುವಾಗುತ್ತದೆ. ಕಾಯಿಲೆ ಮರುಕಳಿಸಿದಾಗ ಕೊಡುವ ಸ್ಟಿರಾಯ್ಡ್‌ಗಳು ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತವೆ. ಸಮತೋಲನ ತಪ್ಪಿ ಬೀಳುವ ಸಂಭವವಂತೂ ಇದ್ದೇ ಇದೆ. ಇದರ ಮೇಲೆ ವಿಟಮಿನ್ ಡಿ ಕೊರತೆ ತೀವ್ರವಾದರೆ ತೊಡೆ, ಸೊಂಟ, ಭುಜದ ಸ್ನಾಯುಗಳು ದುರ್ಬಲವಾಗಿ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ಎಂಎಸ್ ಮುಂದುವರಿಯುತ್ತಿದೆ ಎಂದು ಎಲ್ಲರೂ ಹೆದರಿಕೊಂಡಿರುವಾಗ, ಆ ದೌರ್ಬಲ್ಯದ ಒಂದು ಪಾಲು ಸುಲಭವಾಗಿ ತುಂಬಬಹುದಾದ ಕೊರತೆಯಿಂದಲೂ ಬಂದಿರಬಹುದು.

ಎರಡನೆಯ ಕೆಲಸದ ಕಥೆ ಅಷ್ಟು ನೇರವಾಗಿಲ್ಲ. ವಿಟಮಿನ್ ಡಿ ಮತ್ತು ಎಂಎಸ್ ನಡುವೆ ನಂಟಿದೆ ಎಂಬುದು ಸುಳ್ಳಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಸೇನಾ ಸಿಬ್ಬಂದಿಯಿಂದ ಮೊದಲೇ ಸಂಗ್ರಹಿಸಿಟ್ಟಿದ್ದ ರಕ್ತವನ್ನು ಪರೀಕ್ಷಿಸಿತು. ಬಿಳಿಯರಲ್ಲಿ ವಿಟಮಿನ್ ಡಿ ಮಟ್ಟ ಹೆಚ್ಚಿದ್ದವರಿಗೆ ಮುಂದೆ ಎಂಎಸ್ ಬರುವ ಸಂಭವ ಬಹಳ ಕಡಿಮೆಯಿತ್ತು. ಕಪ್ಪು ಜನರಲ್ಲಿ ಮತ್ತು ಹಿಸ್ಪ್ಯಾನಿಕ್ ಜನರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಜೀನ್‌ಗಳ ಕಾರಣದಿಂದಲೇ ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಎಂಎಸ್ ಹೆಚ್ಚು ಎಂಬುದನ್ನು 2015ರ ಇನ್ನೊಂದು ಅಧ್ಯಯನ ತೋರಿಸಿತು. ಆದರೆ ಬರುವ ಮೊದಲಿನ ನಂಟೇ ಬೇರೆ, ಬಂದ ಮೇಲೆ ಮಾತ್ರೆಯಿಂದ ಆಗುವ ಪರಿಣಾಮವೇ ಬೇರೆ. ಆ ಪರಿಣಾಮವನ್ನು ಅಳೆದ ಪ್ರಯೋಗಗಳನ್ನು ಪ್ರಮಾಣದ ವಿಷಯ ಬಂದಾಗ ನೋಡೋಣ.

ವರದಿಯ ಆ ಒಂದು ಸಾಲು

ವರದಿಯಲ್ಲಿ ನೋಡಬೇಕಾದ ಹೆಸರು 25-ಹೈಡ್ರಾಕ್ಸಿ ವಿಟಮಿನ್ ಡಿ. ದೇಹದ ದಾಸ್ತಾನು ಎಷ್ಟಿದೆ ಎಂದು ಹೇಳುವ ಪರೀಕ್ಷೆ ಇದೇ. 1,25-ಡೈಹೈಡ್ರಾಕ್ಸಿ ಎಂದು ಶುರುವಾಗುವ ಇನ್ನೊಂದು ಪರೀಕ್ಷೆಯಿದೆ, ಅದು ಕ್ರಿಯಾಶೀಲ ಹಾರ್ಮೋನನ್ನು ಅಳೆಯುತ್ತದೆ. ಕೊರತೆ ಇದ್ದರೂ ಅದು ಸಹಜವಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಕಾಣಬಹುದು. ಅದನ್ನು ನೋಡಿ ಸಮಾಧಾನ ಪಡುವಂತಿಲ್ಲ.

ಸಂಖ್ಯೆಯ ಪಕ್ಕದಲ್ಲಿರುವ ಅಳತೆಯ ಮೇಲೆ ಬೆರಳಿಟ್ಟು ಓದಿ. ಕೆಲವು ಪ್ರಯೋಗಾಲಯಗಳು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಬರೆಯುತ್ತವೆ, ಕೆಲವು ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು. ಮೊದಲನೆಯದನ್ನು 2.5ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. 20 ನ್ಯಾನೋಗ್ರಾಂ ಎಂದರೆ 50 ನ್ಯಾನೋಮೋಲ್. ‘ನನ್ನದು 45’ ಎಂದು ಒಬ್ಬರು ಹೇಳಿದರೆ, ಅಳತೆ ಗೊತ್ತಿಲ್ಲದೆ ಅದು ಕೊರತೆಯೋ ಸಮೃದ್ಧಿಯೋ ಎಂದು ಹೇಳಲಾಗದು.

20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 12ಕ್ಕಿಂತ ಕಡಿಮೆಯಾದರೆ ಮೂಳೆಗೆ ನಿಜವಾದ ಅಪಾಯ ಎಂಬುದು ಅನೇಕರು ಬಳಸುವ ಗೆರೆ. 30ಕ್ಕಿಂತ ಮೇಲಿರಬೇಕು ಎಂಬ ಮಾತು 2011ರಲ್ಲಿ ಹಾರ್ಮೋನ್ ತಜ್ಞರ ಸಂಸ್ಥೆಯಾದ ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿಯಿಂದ ಹರಡಿತು. ಅದೇ ಸಂಸ್ಥೆ 2024ರ ಹೊಸ ಮಾರ್ಗಸೂಚಿಯಲ್ಲಿ ಆ ಗುರಿಯನ್ನು ಕೈಬಿಟ್ಟಿದೆ. ಎಂಎಸ್ ನೋಡುವ ಅನೇಕ ನರರೋಗ ತಜ್ಞರು ಈಗಲೂ ಸ್ವಲ್ಪ ಎತ್ತರದ ಮಟ್ಟವನ್ನೇ ಬಯಸುತ್ತಾರೆ. ಹೀಗಾಗಿ ಒಬ್ಬ ವೈದ್ಯರು 25 ಸಾಕೆಂದು, ಇನ್ನೊಬ್ಬರು 40 ಬೇಕೆಂದು ಹೇಳಿದರೆ ಇಬ್ಬರಲ್ಲೊಬ್ಬರು ತಪ್ಪೆಂದು ಭಾವಿಸಬೇಕಿಲ್ಲ.

ಇನ್ನೊಂದು ಎಚ್ಚರಿಕೆ ಎಂಎಸ್ ಇರುವವರಿಗೆ ವಿಶೇಷವಾಗಿ ಬೇಕು. ಎಂಎಸ್‌ಗೆಂದು ಭಾರೀ ಪ್ರಮಾಣದ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ತೆಗೆದುಕೊಳ್ಳುವ ರೂಢಿ ಕೆಲವು ವರ್ಷ ಜೋರಾಗಿತ್ತು, ಈಗಲೂ ಕೆಲವರು ಬಿಟ್ಟಿಲ್ಲ. ಬಯೋಟಿನ್ ಕೆಲವು ಬಗೆಯ ರಕ್ತಪರೀಕ್ಷೆಗಳನ್ನು ಗೊಂದಲಗೊಳಿಸುತ್ತದೆ. ವಿಟಮಿನ್ ಡಿ ಇರುವುದಕ್ಕಿಂತ ಹೆಚ್ಚಾಗಿ ಕಾಣುವಂತೆ ಮಾಡಬಲ್ಲದು. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲೂ ಅದು ಇರುತ್ತದೆ. ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ, ಎಷ್ಟು ದಿನ ನಿಲ್ಲಿಸಬೇಕು ಎಂದು ಕೇಳಿ.

ಬಿಸಿಲು

ಎಲ್ಲರ ಮೊದಲ ಸಲಹೆ ಬಿಸಿಲು. ಖರ್ಚಿಲ್ಲ, ಹೆಚ್ಚಾಗುವ ಭಯವೂ ಇಲ್ಲ. ಚರ್ಮ ತನಗೆ ಬೇಕಾದಷ್ಟು ತಯಾರಿಸಿ, ಮಿಕ್ಕಿದ್ದನ್ನು ಬಿಸಿಲಿನಿಂದಲೇ ಒಡೆದುಹಾಕುತ್ತದೆ. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವುದಿಲ್ಲ. ಹೊರಗೆ ಕುಳಿತಾಗ ಮನಸ್ಸಿಗೆ ಸಿಗುವ ಹಗುರಕ್ಕೂ ಬೆಲೆಯಿದೆ.

ಆದರೆ ವಿಟಮಿನ್ ಡಿ ಹುಟ್ಟಿಸುವುದು ಬಿಸಿಲಿನ ನೇರಳಾತೀತ ಬಿ ಕಿರಣಗಳು. ಸೂರ್ಯ ಕೆಳಗಿರುವಾಗ ಅವು ವಾತಾವರಣದಲ್ಲೇ ಬಹುಪಾಲು ಹೀರಿಹೋಗುತ್ತವೆ. ಎಳೆಬಿಸಿಲಿಗೆ ಮೈಯೊಡ್ಡಿದರೆ ಸಾಕೆಂಬ ನಂಬಿಕೆ ಬಹಳ ಹಳೆಯದು, ಆದರೆ ಎಳೆಬಿಸಿಲಿನಲ್ಲಿ ಈ ಕಿರಣಗಳು ಅತ್ಯಲ್ಪ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದಾಗ ಮಾತ್ರ ಬಿಸಿಲು ಈ ಕೆಲಸಕ್ಕೆ ಬರುತ್ತದೆ ಎಂಬುದು ಸುಲಭದ ಅಳತೆ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಬೆಚ್ಚಗಾಗುತ್ತದೆ ಅಷ್ಟೇ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಚರ್ಮದ ಬಣ್ಣ ಗಾಢವಾದಷ್ಟೂ ಹೆಚ್ಚು ಹೊತ್ತು ಬೇಕು. ಭೂಮಧ್ಯರೇಖೆಯಿಂದ ದೂರದ ನಾಡುಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಎಷ್ಟು ಹೊತ್ತು ನಿಂತರೂ ಹೆಚ್ಚೇನೂ ದಕ್ಕುವುದಿಲ್ಲ.

ಅಂದರೆ ಬಿಸಿಲು ಕೆಲಸಕ್ಕೆ ಬರುವ ಹೊತ್ತೇ ಎಂಎಸ್ ಇರುವವರು ತಪ್ಪಿಸಿಕೊಳ್ಳಬೇಕಾದ ಹೊತ್ತು. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಥಾಫ್ 1890ರಲ್ಲಿ ಗಮನಿಸಿದ್ದು ಇದಕ್ಕೆ ಸಂಬಂಧಿಸಿದ್ದೇ: ಮೈ ದಣಿಸಿದಾಗ ದೃಷ್ಟಿ ಮಂಜಾಗುತ್ತದೆ, ವಿಶ್ರಮಿಸಿದ ಮೇಲೆ ಮರಳುತ್ತದೆ. ಮೈ ಬಿಸಿಯಾಗುವುದೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಮಯಲಿನ್ ಹೊದಿಕೆ ಹಾಳಾದ ನರತಂತುವಿನಲ್ಲಿ ಸಂಕೇತ ಹೇಗೋ ದಾಟುತ್ತಿರುತ್ತದೆ. ದೇಹದ ಉಷ್ಣ ಅರ್ಧ ಡಿಗ್ರಿ ಏರಿದರೂ ಅದು ಅರ್ಧದಾರಿಯಲ್ಲೇ ನಿಲ್ಲಬಹುದು. ಕಾಲು ಭಾರವಾಗುವುದು, ಕಣ್ಣು ಮಸುಕಾಗುವುದು, ಬಳಲಿಕೆ ಉಕ್ಕಿ ಬರುವುದು, ಇವು ನರಕ್ಕೆ ಆದ ಹೊಸ ಹಾನಿಯಲ್ಲ, ತಣಿದರೆ ಹೋಗುತ್ತವೆ. ಆದರೂ ನಡುಬಿಸಿಲಿನಲ್ಲಿ ಕಾಲು ಸೋತು ಬಿದ್ದರೆ ಆಗುವ ಪೆಟ್ಟು ತಾತ್ಕಾಲಿಕವಲ್ಲ.

ಔಷಧದ ಕಡೆಗೂ ನೋಡಬೇಕು. ಫಿಂಗೋಲಿಮೋಡ್, ಸಿಪೋನಿಮೋಡ್ ಥರದ ಎಂಎಸ್ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಚರ್ಮದ ಕ್ಯಾನ್ಸರ್ ಬಗ್ಗೆ ಎಚ್ಚರಿಕೆಯಿದೆ, ಬಿಸಿಲಿಗೆ ಮೈಯೊಡ್ಡುವುದನ್ನು ಮಿತಗೊಳಿಸಿ ಎಂದೇ ಅವುಗಳ ಮಾಹಿತಿ ಪತ್ರ ಹೇಳುತ್ತದೆ. ಇವರಿಗೆ ಬಿಸಿಲು ಆಯ್ಕೆಯೇ ಅಲ್ಲ. ಚರ್ಮ ಕಂದಿಸಲು ಬಳಸುವ ನೇರಳಾತೀತ ದೀಪಗಳು ಯಾರಿಗೂ ಬೇಡ. 2009ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅವುಗಳನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಶಾಖ ತಡೆಯುವ, ಚೆನ್ನಾಗಿ ಓಡಾಡುವ, ಇಂಥ ಔಷಧದಲ್ಲಿಲ್ಲದ ವ್ಯಕ್ತಿಗೆ ಬಿಸಿಲು ಒಳ್ಳೆಯ ಜೊತೆ. ಆದರೆ ಕೊರತೆ ಈಗಾಗಲೇ ಇದ್ದರೆ ಅದೊಂದನ್ನೇ ನಂಬಿ ತಿಂಗಳುಗಳನ್ನು ಕಳೆಯುವುದು ನನಗೆ ಸರಿಯೆನಿಸುವುದಿಲ್ಲ.

ಆಹಾರ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ವಿಟಮಿನ್ ಡಿ ಸಹಜವಾಗಿ ಇರುವ ಆಹಾರಗಳೇ ಕಡಿಮೆ. ಎಣ್ಣೆಯಂಶ ಹೆಚ್ಚಿರುವ ಮೀನು ಮುಂದಿನ ಸಾಲಿನಲ್ಲಿದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸಿಗುವುದು ಸುಮಾರು 40 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್). ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600 ಐಯು, 70 ದಾಟಿದವರಿಗೆ 800. ಡಿ ಬೆರೆಸಿದ ಹಾಲು, ನೇರಳಾತೀತ ಬೆಳಕು ಹಾಯಿಸಿದ ಅಣಬೆ ಸ್ವಲ್ಪ ಸೇರಿಸುತ್ತವೆ. ಇವು ಮಟ್ಟವನ್ನು ಉಳಿಸಿಕೊಳ್ಳಲು ನೆರವಾಗುತ್ತವೆ, ಬಿದ್ದಿರುವುದನ್ನು ಎತ್ತಲಾರವು.

ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಮಾತ್ರ ಬೇರೆಯಾಗಿ ಹೇಳಬೇಕು. ಒಂದು ದೊಡ್ಡ ಚಮಚದಲ್ಲಿ ಸಾವಿರಕ್ಕೂ ಹೆಚ್ಚು ಐಯು ಡಿ ಇರುತ್ತದೆ ನಿಜ. ಆದರೆ ಅದರ ಜೊತೆಗೆ ವಿಟಮಿನ್ ಎ ಕೂಡ ಧಾರಾಳವಾಗಿ ಬರುತ್ತದೆ. ವಿಟಮಿನ್ ಎ ಅತಿಯಾದರೆ ಮೂಳೆಗೇ ಕೆಡುಕು, ಗರ್ಭದಲ್ಲಿರುವ ಮಗುವಿಗೂ ಅಪಾಯ. ಮೂಳೆ ಉಳಿಸಿಕೊಳ್ಳಲು ಹೊರಟವರು ಡಿಗಾಗಿ ಈ ಎಣ್ಣೆಯ ಮೊರೆಹೋಗುವುದರಲ್ಲಿ ಅರ್ಥವಿಲ್ಲ.

ಡಿ2, ಡಿ3 ಮತ್ತು ಗೊಂದಲ ಹುಟ್ಟಿಸುವ ಮೂರನೆಯದು

ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಎರಡು ಬಗೆ. ಡಿ2, ಅಂದರೆ ಎರ್ಗೊಕ್ಯಾಲ್ಸಿಫೆರಾಲ್, ಶಿಲೀಂಧ್ರ ಮೂಲದ್ದು. ಡಿ3, ಅಂದರೆ ಕೊಲೆಕ್ಯಾಲ್ಸಿಫೆರಾಲ್, ನಮ್ಮ ಚರ್ಮವೇ ತಯಾರಿಸುವಂಥದ್ದು. ರಕ್ತದ ಮಟ್ಟವನ್ನು ಹೆಚ್ಚು ಏರಿಸುವುದರಲ್ಲೂ ಹೆಚ್ಚು ಕಾಲ ಹಿಡಿದಿಡುವುದರಲ್ಲೂ ಡಿ3 ಮೇಲು. ಹೆಚ್ಚಿನ ಡಿ3 ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದು ಬೇಡವೆನ್ನುವವರಿಗೆ ಕಲ್ಲುಹೂವಿನಿಂದ ತಯಾರಿಸಿದ ಡಿ3 ಸಿಗುತ್ತದೆ. ಹಾಗಾಗಿ ಪ್ರಾಣಿಜನ್ಯ ಬೇಡವೆಂಬ ಕಾರಣಕ್ಕೆ ಡಿ2ಕ್ಕೇ ಅಂಟಿಕೊಳ್ಳಬೇಕಾಗಿಲ್ಲ.

ಮೂರನೆಯದು ಕ್ಯಾಲ್ಸಿಟ್ರಿಯಾಲ್ ಮತ್ತು ಆಲ್ಫಾಕ್ಯಾಲ್ಸಿಡಾಲ್. ಇವು ವಿಟಮಿನ್ ಡಿಯ ಕ್ರಿಯಾಶೀಲ ರೂಪಗಳು, ಮುಖ್ಯವಾಗಿ ಮೂತ್ರಪಿಂಡ ಕೈಕೊಟ್ಟವರಿಗಾಗಿ ಇರುವಂಥವು. ಇವು ದೇಹದ ದಾಸ್ತಾನನ್ನು ತುಂಬುವುದಿಲ್ಲ, 25-ಹೈಡ್ರಾಕ್ಸಿ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ, ರಕ್ತದ ಕ್ಯಾಲ್ಸಿಯಂ ಅನ್ನು ಬೇಗ ಏರಿಸಬಲ್ಲವು. ‘ಕ್ಯಾಲ್ಸಿಯಂ ಮತ್ತು ಡಿ’ ಎಂದು ಮುಂಭಾಗದಲ್ಲಿ ಅಚ್ಚಾದ ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರೆ ಕೆಲವೊಮ್ಮೆ ಒಳಗಿರುವುದು ಕ್ಯಾಲ್ಸಿಟ್ರಿಯಾಲ್ ಆಗಿರುತ್ತದೆ. ಸಾಮಾನ್ಯ ಕೊರತೆಗೆ ಅದು ಬೇಡ. ಕೊಲೆಕ್ಯಾಲ್ಸಿಫೆರಾಲ್ ಎಂಬ ಹೆಸರು ಕಣ್ಣಿಗೆ ಬೀಳುವವರೆಗೆ ಹುಡುಕಿ.

ಮಾತ್ರೆ, ಹನಿ, ಸ್ಪ್ರೇಗಳಲ್ಲಿ ದೊಡ್ಡ ಅಂತರವಿಲ್ಲ. ನುಂಗುವುದು ಕಷ್ಟವಾಗುವವರಿಗೆ ಹನಿ ಅನುಕೂಲ. ಆದರೆ ಕೈ ನಡುಗುವವರು, ದೃಷ್ಟಿ ಮಂದವಾದವರು ಹನಿ ಎಣಿಸುವಾಗ ತಪ್ಪಾಗುವುದು ಸುಲಭ, ಅಂಥವರಿಗೆ ಮನೆಯವರು ಅಳೆದು ಕೊಡಬೇಕು. ಯಾವುದೇ ರೂಪವಾದರೂ ಕೊಬ್ಬಿನಂಶವಿರುವ ಊಟದ ಜೊತೆ ತೆಗೆದುಕೊಂಡರೆ ಹೀರಿಕೆ ಚೆನ್ನಾಗಿರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯ ಕಾಫಿಯೊಂದಿಗೆ ನುಂಗುವವರು ಅದನ್ನು ಊಟದ ಹೊತ್ತಿಗೆ ಬದಲಿಸಿಕೊಂಡರೆ ಸಾಕು, ಅಷ್ಟರಿಂದಲೇ ಫಲ ಹೆಚ್ಚುತ್ತದೆ.

ದಿನಕ್ಕೊಂದು, ವಾರಕ್ಕೊಂದು, ಒಂದೇ ಏಟಿಗೆ

ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್, 25-ಹೈಡ್ರಾಕ್ಸಿ ರೂಪ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು ಮೂರು ವಾರ ಬೇಕು. ಆದ್ದರಿಂದ ದಿನಾ ತೆಗೆದುಕೊಂಡರೂ ವಾರಕ್ಕೊಮ್ಮೆ ಅಷ್ಟನ್ನೇ ಒಟ್ಟಾಗಿ ತೆಗೆದುಕೊಂಡರೂ ಮಟ್ಟ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. 2011ರ ಮಾರ್ಗಸೂಚಿ ಕೊರತೆಯಿದ್ದ ವಯಸ್ಕರಿಗೆ ಎರಡನ್ನೂ ಸಮಾನವಾಗಿ ಸೂಚಿಸಿತ್ತು: ಎಂಟು ವಾರ, ವಾರಕ್ಕೆ 50,000 ಐಯು ಅಥವಾ ದಿನಕ್ಕೆ 6,000 ಐಯು. ಆಮೇಲೆ ದಿನಕ್ಕೆ 1,500ರಿಂದ 2,000.

ಹಾಗಾದರೆ ಯಾವುದು? ದಿನವೂ ಎಂಎಸ್‌ನ ಮಾತ್ರೆ ಹೇಗೂ ನುಂಗುವವರಿಗೆ ಅದರ ಪಕ್ಕದಲ್ಲೇ ಡಿ ಇಟ್ಟುಕೊಳ್ಳುವುದು ಸುಲಭ. ಒಂದು ದಿನ ಮರೆತರೂ, ತಪ್ಪಿ ಎರಡು ನುಂಗಿದರೂ ಏನೂ ಆಗುವುದಿಲ್ಲ. ವಾರದ ಮಾತ್ರೆಗೆ ಈ ಕ್ಷಮೆಯಿಲ್ಲ. ಚೀಟಿಯಲ್ಲಿ ‘ವಾರಕ್ಕೊಂದು, ಎಂಟು ವಾರ’ ಎಂದಿರುತ್ತದೆ. ಅವಸರದ ಕೈಬರಹ, ಮಾತ್ರೆಯ ಪಟ್ಟಿಯಲ್ಲಿ ಎಂಟು ಗುಳಿಗೆ, ಮನೆಯಲ್ಲಿ ಉಳಿದೆಲ್ಲ ಔಷಧವೂ ದಿನನಿತ್ಯದ್ದೇ. ಇದನ್ನೂ ದಿನಕ್ಕೊಂದರಂತೆ ನುಂಗಿ ಎಂಟೇ ದಿನದಲ್ಲಿ ಮುಗಿಸಿ, ಮತ್ತೊಂದು ಪಟ್ಟಿ ತರಿಸಿಕೊಂಡು ತಿಂಗಳುಗಟ್ಟಲೆ ಮುಂದುವರಿಸಿದರೆ ವಿಷವಾಗುವ ಮಟ್ಟ ತಲುಪುವುದು ಕಷ್ಟವೇನಲ್ಲ. ವಿಟಮಿನ್ ಡಿ ವಿಷಬಾಧೆಯ ಪ್ರಕರಣಗಳಲ್ಲಿ ಇಂಥ ಎಡವಟ್ಟು ಮತ್ತೆ ಮತ್ತೆ ಕಾಣುತ್ತದೆ. ವಾರದ ಮಾತ್ರೆಯೇ ಆದರೆ ಪಟ್ಟಿಯ ಹಿಂಬದಿಯಲ್ಲಿ ಪ್ರತಿ ಗುಳಿಗೆಯ ಪಕ್ಕ ತಾರೀಕು ಬರೆದಿಡಿ. ನೆನಪು ಮತ್ತು ಏಕಾಗ್ರತೆ ಎಂಎಸ್‌ನಿಂದ ಕುಂದಿರುವವರಿಗೆ ಆ ಕೆಲಸವನ್ನು ಮನೆಯವರೊಬ್ಬರು ವಹಿಸಿಕೊಳ್ಳಲಿ.

ಇನ್ನು ಲಕ್ಷಗಟ್ಟಲೆ ಯೂನಿಟ್‌ಗಳನ್ನು ಒಂದೇ ಏಟಿಗೆ ಕೊಡುವ ಪದ್ಧತಿ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5,00,000 ಐಯು ಕೊಟ್ಟು ನೋಡಿದರು. ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾಗಬೇಕಿತ್ತು, ಎರಡೂ ಹೆಚ್ಚಾದವು. ಅವರಿಗೆ ಎಂಎಸ್ ಇರಲಿಲ್ಲ, ವಯಸ್ಸೂ ಹೆಚ್ಚು, ಒಪ್ಪುತ್ತೇನೆ. ಆದರೂ ಮೊದಲೇ ಬೀಳುವ ಭಯದಲ್ಲಿರುವವರಿಗೆ ಈ ದಾರಿಯನ್ನು ಸುಲಭವಾಗಿ ಒಪ್ಪಿಕೊಳ್ಳುವುದು ಹೇಗೆ? ಸ್ನಾಯುವಿಗೆ ಕೊಡುವ ಚುಚ್ಚುಮದ್ದು ಕೂಡ ಹೆಚ್ಚಾಗಿ ಇಂಥದ್ದೇ ದೊಡ್ಡ ಪ್ರಮಾಣ. ದೇಹ ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ಎಷ್ಟು ಹೀರಿಕೊಂಡಿತು ಎಂಬುದು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ, ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಲಾಗದು. ಕರುಳಿನ ಕಾಯಿಲೆಯಿಂದ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಮಾತ್ರೆ ಹೀರಲಾಗದವರಿಗೆ ಅದು ನಿಜವಾದ ಆಸರೆ. ಉಳಿದವರಿಗೆ ಚುಚ್ಚುಮದ್ದು ಹೆಚ್ಚು ಶಕ್ತಿಶಾಲಿ ಎಂಬ ಭಾವನೆ ಬಿಟ್ಟರೆ ಬೇರೆ ಲಾಭವಿಲ್ಲ.

ಎಷ್ಟು? ಹದವಾಗಿಯೇ, ಹೆಚ್ಚಾಗಿಯೇ, ವಿಪರೀತವಾಗಿಯೇ?

ಅತ್ಯಂತ ಹೆಚ್ಚು ವಾದ ನಡೆಯುವುದು ಇಲ್ಲಿ. ವೈದ್ಯರ ನಿಗಾ ಇಲ್ಲದೆ ವಯಸ್ಕರು ದಾಟಬಾರದ ಗೆರೆ ದಿನಕ್ಕೆ 4,000 ಐಯು, ಅಂದರೆ 100 ಮೈಕ್ರೋಗ್ರಾಂ. 40 ಐಯು ಸೇರಿದರೆ ಒಂದು ಮೈಕ್ರೋಗ್ರಾಂ. ಡಬ್ಬಿಯ ಮೇಲೆ 25 ಮೈಕ್ರೋಗ್ರಾಂ ಎಂದು ಕಂಡು ತೀರಾ ಕಡಿಮೆಯಾಯಿತೆಂದು ನಾಲ್ಕು ನುಂಗಬೇಡಿ, ಅದು 1,000 ಐಯು.

ಹೆಚ್ಚಿನ ಪ್ರಮಾಣ ಎಂಎಸ್ ಅನ್ನು ತಡೆಯುತ್ತದೆಯೇ ಎಂದು ನೋಡಿದ ಪ್ರಯೋಗಗಳು ಕಡಿಮೆಯೇನಿಲ್ಲ. 2019ರ ‘ಸೋಲಾರ್’ ಪ್ರಯೋಗದಲ್ಲಿ ಇಂಟರ್‌ಫೆರಾನ್ ಎಂಬ ಎಂಎಸ್ ಔಷಧ ಪಡೆಯುತ್ತಿದ್ದವರಿಗೆ ದಿನಕ್ಕೆ ಸುಮಾರು 14,000 ಐಯು ಕೊಟ್ಟರು. ಮುಖ್ಯ ಗುರಿ ಈಡೇರಲಿಲ್ಲ, ಎಂಆರ್‌ಐಯಲ್ಲಿ ಹೊಸ ಕಲೆಗಳು ಮಾತ್ರ ಸ್ವಲ್ಪ ಕಡಿಮೆ ಕಂಡವು. 2023ರ ‘ವಿಡ್ಯಾಮ್ಸ್’ನಲ್ಲಿ ಗ್ಲಾಟಿರಮರ್ ಎಂಬ ಇನ್ನೊಂದು ಎಂಎಸ್ ಔಷಧದ ಜೊತೆಗೆ ದಿನಕ್ಕೆ 5,000 ಮತ್ತು 600 ಐಯುಗಳನ್ನು ಹೋಲಿಸಿದರು. ಮರುಕಳಿಸುವುದರಲ್ಲಿ ವ್ಯತ್ಯಾಸವಾಗಲಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ‘ಪ್ರೆವಾನ್ಸ್’ ಪ್ರಯೋಗ ಎಂಎಸ್ ಲಕ್ಷಣಗಳ ಮೊದಲ ದಾಳಿ ಆದವರಿಗೆ 1,000, 5,000, 10,000 ಐಯು ಕೊಟ್ಟು ನೋಡಿತು. ಅಲ್ಲೂ ಫಲ ಕಾಣಲಿಲ್ಲ.

ಆಮೇಲೆ 2025ರಲ್ಲಿ ಫ್ರಾನ್ಸಿನ ‘ಡಿ-ಲೇ ಎಂಎಸ್’ ಬಂತು. ಮೊದಲ ದಾಳಿ ಆಗಿ ಇನ್ನೂ ಎಂಎಸ್ ಔಷಧ ಶುರುಮಾಡದವರಿಗೆ ಎರಡು ವಾರಕ್ಕೊಮ್ಮೆ 1,00,000 ಐಯು ಡಿ3 ಕೊಟ್ಟರು. ಎರಡು ವರ್ಷಗಳಲ್ಲಿ ಕಾಯಿಲೆಯ ಚಟುವಟಿಕೆ ಕಂಡದ್ದು ಡಿ ಪಡೆದವರಲ್ಲಿ ಶೇಕಡಾ 60.3, ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ಪಡೆದವರಲ್ಲಿ ಶೇಕಡಾ 74.1. ಇದು ಸಣ್ಣ ಸುದ್ದಿಯಲ್ಲ, ನನಗೂ ಇದು ಭರವಸೆ ತಂದಿದೆ. ಆದರೆ ಲಾಭ ಮುಖ್ಯವಾಗಿ ಎಂಆರ್‌ಐ ಚಿತ್ರಗಳಲ್ಲಿ ಕಂಡಿತು. ಮರುಕಳಿಸಿದವರ ಸಂಖ್ಯೆಯಲ್ಲಿ ಖಚಿತ ಅಂತರ ಸಿಗಲಿಲ್ಲ. ಡಿ ಪಡೆದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಚಟುವಟಿಕೆಯಿಂದಲೇ ಇತ್ತು ಎಂಬುದನ್ನೂ ಗಮನಿಸಿ. ಇಂದು ಲಭ್ಯವಿರುವ ಬಲವಾದ ಎಂಎಸ್ ಔಷಧಗಳನ್ನು ಬಿಟ್ಟು ಡಿಯನ್ನೇ ಹಿಡಿಯಲು ಇದು ಆಧಾರವಾಗದು. ಈಗಷ್ಟೇ ಮೊದಲ ದಾಳಿ ಆಗಿರುವವರು ಈ ಪ್ರಯೋಗದ ಹೆಸರು ಹೇಳಿ ತಮ್ಮ ನರರೋಗ ತಜ್ಞರೊಂದಿಗೆ ಮಾತಾಡಲಿ. ನಿಗಾ ಇಟ್ಟು ಕೊಡುವ ಪ್ರಮಾಣವದು, ಮನೆಯಲ್ಲಿ ನಕಲು ಮಾಡುವಂಥದ್ದಲ್ಲ.

ಮೂರನೆಯದು ‘ಕೊಯಿಂಬ್ರಾ ಪ್ರೋಟೋಕಾಲ್’ ಎಂದು ಪ್ರಚಾರವಾಗಿರುವ, ಬ್ರೆಜಿಲ್‌ನಲ್ಲಿ ಶುರುವಾದ ಪದ್ಧತಿ. ದಿನಕ್ಕೆ ಹತ್ತಾರು ಸಾವಿರ ಐಯು ನುಂಗುವುದು, ಕ್ಯಾಲ್ಸಿಯಂ ಇರುವ ಆಹಾರ ಬಿಡುವುದು, ಲೀಟರುಗಟ್ಟಲೆ ನೀರು ಕುಡಿಯುವುದು. ಹಾಲು ಮೊಸರು ಬಿಟ್ಟು ಮೂಳೆಯನ್ನು ಹೇಗೆ ಉಳಿಸುವುದು? ಮೂತ್ರಕೋಶ ಹತೋಟಿಯಲ್ಲಿಲ್ಲದೆ ಒದ್ದಾಡುವವರು ಅಷ್ಟು ನೀರು ಕುಡಿದು ಹೇಗೆ ಬಾಳುವುದು? ಇದು ಗುಣಪಡಿಸುತ್ತದೆ ಎಂದು ತೋರಿಸಿದ, ಹುಸಿಮಾತ್ರೆಯೊಂದಿಗೆ ಹೋಲಿಸಿ ನಡೆಸಿದ ಪ್ರಯೋಗದ ಬೆಂಬಲ ಅದಕ್ಕಿಲ್ಲ. ವಿಪರೀತ ಪ್ರಮಾಣದಿಂದ ಮೂತ್ರಪಿಂಡ ಹಾಳಾದ ಎಂಎಸ್ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಅಪಾಯ ಇನ್ನೊಂದಿದೆ. ವಿಟಮಿನ್ ಡಿ ಅತಿಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಏನಾಗುತ್ತದೆ? ಬಳಲಿಕೆ, ಸ್ನಾಯು ದೌರ್ಬಲ್ಯ, ಮಲಬದ್ಧತೆ, ಪದೇ ಪದೇ ಮೂತ್ರ, ಮನಸ್ಸಿಗೆ ಮಂಕು. ಈ ಪಟ್ಟಿಯನ್ನು ಎಂಎಸ್ ಇರುವ ಯಾರ ಮುಂದೆ ಓದಿದರೂ ಇದು ನನ್ನ ಕಾಯಿಲೆಯದೇ ವಿವರ ಎನ್ನುತ್ತಾರೆ. ಬೇರೆಯವರಾದರೆ ಏನೋ ಹೊಸದು ಶುರುವಾಯಿತೆಂದು ವೈದ್ಯರಲ್ಲಿಗೆ ಓಡುತ್ತಾರೆ. ಎಂಎಸ್ ಇರುವವರು ಕಾಯಿಲೆ ಹೆಚ್ಚಾಯಿತೆಂದುಕೊಂಡು ಡಿ ಪ್ರಮಾಣವನ್ನೇ ಇನ್ನಷ್ಟು ಏರಿಸಿಕೊಳ್ಳಬಹುದು. ಕೊರತೆಯ ಲಕ್ಷಣಗಳೂ ಹೀಗೆಯೇ ಎಂಎಸ್‌ನ ಮರೆಯಲ್ಲಿ ಅಡಗುತ್ತವೆ. ಮೈಯ ಅನುಭವವನ್ನು ನಂಬಿ ಪ್ರಮಾಣ ಏರಿಸುವುದು, ಇಳಿಸುವುದು ಇಲ್ಲಿ ನಡೆಯದು, ರಕ್ತಪರೀಕ್ಷೆಯೇ ದಾರಿ ತೋರಬೇಕು. ಹೆಚ್ಚಿನ ಪ್ರಮಾಣದಲ್ಲಿರುವವರು ಡಿ ಜೊತೆಗೆ ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ನೋಡಿಸಬೇಕು. ಇವುಗಳೊಂದಿಗೆ ತಡೆಯಲಾಗದ ಬಾಯಾರಿಕೆ, ವಾಕರಿಕೆ ಸೇರಿಕೊಂಡರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.

ಜೊತೆಗೆ ಬರುವವು

ಕ್ಯಾಲ್ಸಿಯಂ ಅನ್ನು ಆದಷ್ಟೂ ಊಟದಿಂದಲೇ ಪಡೆಯಿರಿ, ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, 50 ದಾಟಿದ ಮಹಿಳೆಯರಿಗೆ 1,200. ಊಟದಲ್ಲಿ ಸಾಲದಿದ್ದರೆ ಮಾತ್ರ ಮಾತ್ರೆ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಕೇಳದೆ ತೆಗೆದುಕೊಳ್ಳಬೇಡಿ. ಡಿ ಜೊತೆ ವಿಟಮಿನ್ ಕೆ2 ಇರಲೇಬೇಕೆಂಬ ಪ್ರಚಾರ ಜೋರಾಗಿದೆ, ಎಂಎಸ್‌ಗೆ ಅದರಿಂದ ಲಾಭವೆಂದು ತೋರಿಸುವ ಗಟ್ಟಿ ಪುರಾವೆಯಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ತೊಂದರೆಯನ್ನೇ ಕೊಡುತ್ತದೆ. ಥಯಾಜೈಡ್ ಗುಂಪಿನ ರಕ್ತದೊತ್ತಡದ ಮಾತ್ರೆಯಲ್ಲಿರುವವರಿಗೆ, ಸಾರ್ಕೊಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಇರುವವರಿಗೆ ಸಣ್ಣ ಪ್ರಮಾಣದ ಡಿ ಕೂಡ ಕ್ಯಾಲ್ಸಿಯಂ ಏರಿಸಬಹುದು.

ಯಾರಿಗೆ ಯಾವುದು

ಕೊರತೆ ಅಲ್ಪ, ಅಂದರೆ 20ರ ಆಸುಪಾಸು, ನಡೆದಾಟ ಚೆನ್ನಾಗಿದೆ: ದಿನಕ್ಕೆ 1,000ದಿಂದ 2,000 ಐಯು ಡಿ3, ಸಾಧ್ಯವಾದಷ್ಟು ಹೊರಗಿನ ಓಡಾಟ. 12ಕ್ಕಿಂತ ಕೆಳಗಿದ್ದು ತೊಡೆಯಲ್ಲಿ ಬಲವಿಲ್ಲ, ಮೂಳೆ ನೋವಿದೆ ಎಂದಾದರೆ ವೈದ್ಯರು ಬರೆದುಕೊಡುವ ಎಂಟು ವಾರದ ತುಂಬುವ ಪ್ರಮಾಣ, ನಂತರ ದಿನದ ಮಾತ್ರೆ. ಪದೇ ಪದೇ ಸ್ಟಿರಾಯ್ಡ್ ಪಡೆದವರಿಗೆ ಅಥವಾ ಗಾಲಿಕುರ್ಚಿಯಲ್ಲಿರುವವರಿಗೆ ವಿಟಮಿನ್ ಒಂದೇ ಸಾಲದು, ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಅದು ಕೇಳದೆ ಬರುವುದು ಕಡಿಮೆ. ಗರ್ಭಿಣಿಯರು ಮತ್ತು ಮಗುವಿಗಾಗಿ ಯೋಚಿಸುತ್ತಿರುವವರು ಹದವಾದ ದಿನದ ಪ್ರಮಾಣದಲ್ಲೇ ಇರಲಿ, ದೊಡ್ಡ ಪ್ರಮಾಣಗಳು ಈ ಕಾಲಕ್ಕೆ ಬೇಡ.

ಮಾತ್ರೆ ನುಂಗಿದರೂ ಮಟ್ಟ ಏರದಿದ್ದರೆ

ದಿನಕ್ಕೆ 100 ಐಯು ಸೇರಿದರೆ ಮಟ್ಟ ಸುಮಾರು 1 ನ್ಯಾನೋಗ್ರಾಂ ಏರುತ್ತದೆ ಎಂಬುದು ಒರಟು ಲೆಕ್ಕ. ಹೊಸ ಮಟ್ಟ ನೆಲೆಗೊಳ್ಳಲು ಮೂರು ತಿಂಗಳು ಬೇಕು. ಒಂದೇ ತಿಂಗಳಿಗೆ ಪರೀಕ್ಷಿಸಿ ಏರಲಿಲ್ಲವೆಂದು ಪ್ರಮಾಣ ಹೆಚ್ಚಿಸುವುದು ಬೇಡ.

ಮೂರು ತಿಂಗಳಾದರೂ ಕದಲದಿದ್ದರೆ ಪ್ರಮಾಣ ಏರಿಸುವ ಮೊದಲು ಕಾರಣ ಹುಡುಕಿ. ದೇಹದ ತೂಕ ಹೆಚ್ಚಿದ್ದರೆ ಎರಡು ಮೂರು ಪಟ್ಟು ಬೇಕಾಗಬಹುದು. ಮುಖದ ನರನೋವಿಗೆ ಕೊಡುವ ಕಾರ್ಬಮಾಜೆಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಯಕೃತ್ತಿನಲ್ಲಿ ಡಿ ಒಡೆಯುವ ವೇಗ ಹೆಚ್ಚಿಸುತ್ತವೆ. ಟೆರಿಫ್ಲುನೊಮೈಡ್ ಎಂಬ ಎಂಎಸ್ ಔಷಧವನ್ನು ದೇಹದಿಂದ ಬೇಗ ಹೊರಹಾಕಲು ಕೊಡುವ ಕೊಲೆಸ್ಟೈರಮಿನ್ ಡಿಯನ್ನೂ ಕಟ್ಟಿಹಾಕಿ ಹೊರಕಳಿಸುತ್ತದೆ. ಮಲಬದ್ಧತೆಗೆಂದು ದಿನಾ ಲಿಕ್ವಿಡ್ ಪ್ಯಾರಾಫಿನ್ ಕುಡಿಯುವವರಲ್ಲೂ ಅದೇ ಆಗುತ್ತದೆ. ಇದನ್ನು ಔಷಧವೆಂದೇ ಎಣಿಸದೆ ವೈದ್ಯರ ಮುಂದೆ ಹೇಳುವುದನ್ನು ಮರೆಯುವವರು ಬಹಳ. ಇವು ಯಾವುವೂ ಇಲ್ಲದಿದ್ದರೆ ಸೀಲಿಯಾಕ್‌ನಂಥ ಕರುಳಿನ ಕಾಯಿಲೆ ಇದೆಯೇ ಎಂದು ನೋಡಿಸಬೇಕು.

ಮಟ್ಟ ಏರಿ ನಿಂತ ಮೇಲೆ ವರ್ಷಕ್ಕೊಂದು ಪರೀಕ್ಷೆ ಸಾಕು. ಸ್ಟಿರಾಯ್ಡ್ ಕೋರ್ಸ್ ಮುಗಿದಾಗ, ಎಂಎಸ್ ಔಷಧ ಬದಲಾದಾಗ, ಓಡಾಟ ಏಕಾಏಕಿ ಕಡಿಮೆಯಾದಾಗ ಮಾತ್ರ ವರ್ಷ ಕಾಯದೆ ಮತ್ತೊಮ್ಮೆ ನೋಡಿಸಿ.